ಯಾರಿಗೂ ಹೇಳಬೇಡಿ, ಬೇಗ ಹೇಳಿ

ಹೋದ ವಾರ ಊರಲ್ಲಿ ಅಮ್ಮ ಬಾಗಿಲಿಗೆ ಬಂದ ಗ್ಯಾಸ್ ಸಿಲಿಂಡರನ್ನು ವಾಪಸ್ ಕಳಿಸಿಬಿಟ್ಟಳು. ತಂದ ಹುಡುಗ ಹೊಸಬನೇನಲ್ಲ. ಹತ್ತು ವರ್ಷದಿಂದ ಅವನೇ ತರುವುದು, ಹಬ್ಬದ ಹೊತ್ತಿಗೆ ಬಂದರೆ ಹೋಳಿಗೆ ತಿಂದೇ ಹೋಗುವವನು. ಅವನು ಕೇಳಿದ್ದಿಷ್ಟೇ: "ಅಮ್ಮಾ, ಮೊಬೈಲಿಗೆ ಒಂದು ನಂಬರ್ ಬಂದಿರುತ್ತೆ, ಹೇಳಿ." ಅಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಳ ತಪ್ಪೇನಿದೆ? 2025ರಲ್ಲಿ ತಿಂಗಳುಗಟ್ಟಲೆ, ಯಾರಿಗೆ ಫೋನ್ ಮಾಡಿದರೂ ರಿಂಗಾಗುವ ಮೊದಲು ಸೈಬರ್ ವಂಚನೆಯ ಪಾಠ ಕೇಳಬೇಕಿತ್ತಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳೋಕೆ ಮಾಡಿದರೂ ಮೊದಲು ಪಾಠ, ಆಮೇಲೆ ಮಗ. ಬ್ಯಾಂಕಿನ ಮೆಸೇಜಿನಲ್ಲೂ ಅದೇ, ಓಟಿಪಿ ಯಾರಿಗೂ ಹೇಳಬೇಡಿ. ಯಾರಿಗೂ ಅಂದರೆ ಅಮ್ಮನ ಪ್ರಕಾರ ಯಾರಿಗೂ. ಆಧಾರ್ ವಿಳಾಸ ಸರಿ ಮಾಡೋಣ ಅಂತ ನಾನು ಕೇಳಿದಾಗಲೂ "ನಿಂಗ್ಯಾಕೋ ಅದು" ಅಂದಿದ್ದಳು.

ಇತ್ತ ಬೆಂಗಳೂರಿನಲ್ಲಿ ನಾನು ದಿನವಿಡೀ ಹೇಳುತ್ತಲೇ ಇರುತ್ತೇನೆ. ಬೆಳಿಗ್ಗೆ ಆಟೊ ಹತ್ತಿದರೆ ನಮಸ್ಕಾರವಿಲ್ಲ, ಎಲ್ಲಿಗೆ ಅನ್ನುವುದಿಲ್ಲ, "ಓಟಿಪಿ ಹೇಳಿ ಸರ್." ಸಿಲ್ಕ್ ಬೋರ್ಡ್ ಹಾರ್ನುಗಳ ನಡುವೆ ಗಂಟಲು ಹರಿಯುವಂತೆ ನಾಲ್ಕು, ಸೊನ್ನೆ, ಏಳು, ಎರಡು ಅಂತ ಕೂಗುತ್ತೇನೆ. ಡ್ರೈವರ್‌ಗೆ ಕೇಳಿಸುವುದಿಲ್ಲ, ಪಕ್ಕದ ಬೈಕಿನವನು ತಿರುಗಿ ಅವನಿಗೆ ಹೇಳುತ್ತಾನೆ. ಮಧ್ಯಾಹ್ನ ಪಾರ್ಸೆಲ್ ಹುಡುಗ ಗೇಟಿನ ಹತ್ತಿರ, ನಾನು ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಇಡೀ ಬೀದಿಗೆ ಪಂಚಾಂಗ ಓದಿದ ಹಾಗೆ ಆರು ಅಂಕಿ. ಸಂಜೆ ಎರಡು ಬನಿಯನ್ ತರೋಕೆ ಹೋದರೆ ಅಲ್ಲೂ ಫೋನ್ ನಂಬರ್, ಅಲ್ಲೂ ಓಟಿಪಿ. ಬನಿಯನ್‌ಗೆ ಯಾಕಪ್ಪಾ ಅಂದರೆ "ಪಾಯಿಂಟ್ಸ್ ಬರುತ್ತೆ ಸರ್." ಆ ಪಾಯಿಂಟ್ಸಿನಲ್ಲಿ ಇದುವರೆಗೆ ಒಂದು ಕರ್ಚೀಫೂ ಬಂದಿಲ್ಲ, ಅದು ಬೇರೆ ಮಾತು.

2009ರ ಆಗಸ್ಟ್‌ನಿಂದ ಆನ್‌ಲೈನಿನಲ್ಲಿ ಕಾರ್ಡ್ ಬಳಸುವವರು ಇನ್ನೊಂದು ಗುರುತು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಒಳ್ಳೆಯ ಬೀಗವೇ. ಆದರೆ ತಿಜೋರಿಗೆ ಹಾಕಿದ ಆ ಬೀಗ ಚೆನ್ನಾಗಿದೆ ಅಂತ ನಮ್ಮವರು ಕೊಟ್ಟಿಗೆಗೂ ಹಾಕಿದರು, ಬಚ್ಚಲಿಗೂ ಹಾಕಿದರು, ಉಪ್ಪಿನಕಾಯಿ ಭರಣಿಗೂ ಹಾಕಿದರು. ಈಗ ದಿನಕ್ಕೆ ಹತ್ತು ಸಲ ಯಾರೋ ಕೀ ಕೇಳುತ್ತಾರೆ, ನಾವು ಮುಖ ನೋಡದೆ ಕೊಡುತ್ತೇವೆ. ಹನ್ನೊಂದನೆಯವನು ಕಳ್ಳ. ಅವನೂ "ಸರ್, ಓಟಿಪಿ" ಅಂತಲೇ ಕೇಳುವುದು, ಉಳಿದವರಿಗಿಂತ ಸ್ವಲ್ಪ ಜಾಸ್ತಿ ಮರ್ಯಾದೆಯಿಂದ. ದುಡ್ಡು ಹೋದ ಮೇಲೆ ಸೈಬರ್ ವಂಚನೆಯ ದೂರು ಕೇಳುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಓಡಿದರೆ ಕೌಂಟರಿನಲ್ಲಿ ಕನ್ನಡಕ ಮೇಲೇರಿಸಿ ಕೇಳುತ್ತಾರೆ: "ನೀವೇ ಹೇಳಿದ್ದೀರಲ್ಲ?" ಹೌದು ಸ್ವಾಮಿ, ನಾನೇ ಹೇಳಿದ್ದು. ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದು ಯಾರು?

ಸಿಲಿಂಡರ್ ವಿಷಯಕ್ಕೆ ಬರೋಣ. ಮೂರು ದಿನ ಅಮ್ಮ ಸೌದೆ ಒಲೆಯಲ್ಲಿ ಅನ್ನ ಮಾಡಿದಳು. ಗ್ಯಾಸಿನವನಿಗೆ ಮಾತ್ರ ಹೇಳಬಹುದು ಅಂತ ನಾನು ಫೋನಿನಲ್ಲಿ ಅರ್ಧ ಗಂಟೆ ಬಿಡಿಸಿ ಹೇಳಿದೆ. ಮಾತು ನಡುನಡುವೆ ಕಟ್ಟಾಗುತ್ತಿತ್ತು, ಯಾಕೆಂದರೆ ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಹಲಸಿನ ಮರದ ಬುಡದಲ್ಲಿ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ.

ನಿನ್ನೆ ಹುಡುಗ ಮತ್ತೆ ಬಂದ. ಅಮ್ಮ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗಲಿಯಲ್ಲಿ ನಿಂತಳಂತೆ. "ನಂಬರ್ ಹೇಳ್ತೀನಿ. ಮೊದಲು ನೀನು ಯಾರ ಮಗ ಹೇಳು." ಹೇಳಿದ. "ಅಜ್ಜನ ಹೆಸರು?" ಅದನ್ನೂ ಹೇಳಿದ. "ಹೋದ ಯುಗಾದಿಗೆ ಇಲ್ಲಿ ಎಷ್ಟು ಹೋಳಿಗೆ ತಿಂದೆ?"

ಹುಡುಗ ಸ್ವಲ್ಪ ಯೋಚಿಸಿ, "ಐದು."

"ಏಳು," ಅಂದಳಂತೆ ಅಮ್ಮ. "ಇರಲಿ, ಇನ್ನೊಂದು ಸಲ ಹೇಳು."