ಹಿಡಿಯೋದು ಬಂದಿದೆ, ಬಿಡೋದು ಯಾರು ಕಲಿಸ್ತಾರೆ?

ನಮ್ಮ ಕಡೆ ಜೂನಿಯರ್ ರಗ್ಬಿಗೆ ಬರೋ ಮಕ್ಕಳಲ್ಲಿ ಎದ್ದು ಕಾಣೋರು ಕಬಡ್ಡಿ ಆಡಿ ಬಂದವರು. ಗಟ್ಟಿ ಕಾಲು, ಬಿದ್ದು ಏಳೋ ಅಭ್ಯಾಸ, ಹೆದರಿಕೆ ಅನ್ನೋದೇ ಇಲ್ಲ. ಕೋಚ್‌ಗಳಿಗೆ ಇವರೆಂದರೆ ಪ್ರಾಣ. ಪಂದ್ಯ ಶುರುವಾದ ಮೇಲೆ ಮಾತ್ರ ರೆಫರಿ ಹೆಚ್ಚಾಗಿ ಸೀಟಿ ಊದೋದೂ ಇವರ ಮೇಲೇ. ಆಗ ಗೆರೆಯಾಚೆಯಿಂದ "ಡಿಸಿಪ್ಲಿನ್! ಡಿಸಿಪ್ಲಿನ್!" ಅಂತ ಕೂಗಾಟ. ನನ್ನ ತಕರಾರು ಈ ಕೂಗಿನ ಮೇಲೆ. ಆ ಹುಡುಗ ಅಶಿಸ್ತು ಮಾಡಿಲ್ಲ ಸ್ವಾಮಿ. ಕಬಡ್ಡಿ ಅಂಕಣದಲ್ಲಿ ಯಾವುದಕ್ಕೆ ಶಭಾಷ್ ಅನ್ನಿಸಿಕೊಂಡಿದ್ದನೋ ಅದನ್ನೇ ಇಲ್ಲೂ ಮಾಡಿದ್ದಾನೆ.

ಕಬಡ್ಡಿಯಲ್ಲಿ ಕ್ಯಾಚರ್ ಸೀಟಿ ಕೇಳೋವರೆಗೂ ಪಟ್ಟು ಸಡಿಲಿಸೋ ಹಾಗಿಲ್ಲ. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ತಕ್ಷಣ ಟ್ಯಾಕಲ್ ಮಾಡಿದವನು, ಅಂದರೆ ಹಿಡಿದು ಬೀಳಿಸಿದವನು, ಕೈ ಬಿಡಬೇಕು, ಪಕ್ಕಕ್ಕೆ ಉರುಳಬೇಕು ಇಲ್ಲವೇ ಏಳಬೇಕು. ಕಾಲ ಮೇಲೆ ನಿಂತ ನಂತರವೇ ಚೆಂಡಿಗೆ ಕೈ. ನಮ್ಮ ಹುಡುಗ ತೊಡೆ ತಬ್ಬಿಕೊಂಡು ಮಲಗೇ ಇರ್ತಾನೆ. ಪೆನಾಲ್ಟಿ. ಇನ್ನೊಮ್ಮೆ ಮಲಗಿದರೆ ರೆಫರಿ ನಾಯಕನನ್ನು ಕರೆದು ಎಚ್ಚರಿಸ್ತಾರೆ, ಆಮೇಲೂ ಮುಂದುವರಿದರೆ ಹಳದಿ ಕಾರ್ಡ್, ಅಂದರೆ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ.

ರೈಡರ್ ಆಗಿದ್ದವನದು ಬೇರೆ ತೊಂದರೆ. ಮೈಮೇಲೆ ಐದು ಜನ ಬಿದ್ದರೂ ತೆವಳಿಕೊಂಡು ಹೋಗಿ ಮಧ್ಯದ ಗೆರೆ ಮುಟ್ಟಿದರೆ ಅಲ್ಲಿ ಹೀರೋ. ಇಲ್ಲಿ ಟ್ಯಾಕಲ್ ಆಗಿ ಬಿದ್ದವನು ತೆವಳಿದರೆ ತಪ್ಪು. ಚೆಂಡನ್ನು ತಕ್ಷಣ ಪಾಸ್ ಮಾಡಬೇಕು, ಬಿಡಬೇಕು ಅಥವಾ ತನ್ನವರ ಕಡೆ ಇಡಬೇಕು. ಓಟದ ರಭಸಕ್ಕೆ ಜಾರಿ ಗೋಲ್ ಲೈನ್ ದಾಟಿದರೆ ಟ್ರೈ, ಅಂದರೆ ಗೆರೆಯಾಚೆ ಚೆಂಡು ಊರಿದ ಅಂಕ, ಸಿಗುತ್ತೆ. ಗೆರೆ ಕೈಗೆಟಕೋ ದೂರದಲ್ಲಿದ್ದರೆ ಆ ಕ್ಷಣವೇ ತೋಳು ಚಾಚಿ ಚೆಂಡು ಊರೋದಕ್ಕೂ ಅಡ್ಡಿಯಿಲ್ಲ. ಮೊಣಕೈ ಊರಿ ಮೈಯನ್ನು ಮುಂದಕ್ಕೆ ಎಳೆದುಕೊಂಡರೆ ಮಾತ್ರ ಸಿಗಬೇಕಿದ್ದ 5 ಅಂಕ ಹೋಗಿ ಎದುರಾಳಿಗೆ ಪೆನಾಲ್ಟಿ. ಇದೇ ಚಾಚೋ ಚಟವನ್ನು ಹಿಂದಕ್ಕೆ ತಿರುಗಿಸಿ ನೋಡಿ. ಬಿದ್ದ ಮೇಲೆ ಎದುರಾಳಿಗೆ ಬೆನ್ನು ಕೊಟ್ಟು, ತೋಳು ಪೂರ್ತಿ ನೀಡಿ, ಚೆಂಡನ್ನು ತನ್ನವರ ಕಡೆ ದೂರ ಇಡೋದನ್ನ ರೈಡರ್‌ಗಳು ಬಹಳ ಬೇಗ ಕಲಿತುಬಿಡ್ತಾರೆ.

ಡ್ಯಾಶ್ ವಿಷಯಕ್ಕೆ ಬಂದರೆ, ರೈಡರ್‌ನ ಭುಜದಿಂದ ಗುದ್ದಿ ಅಂಕಣದಾಚೆ ಕಳಿಸೋದು ಕಬಡ್ಡಿಯಲ್ಲಿ ಪಾಯಿಂಟ್. ರಗ್ಬಿಯಲ್ಲಿ ಎರಡೂ ಕೈಯಿಂದ ತಬ್ಬೋ ಪ್ರಯತ್ನವಿಲ್ಲದೆ ಭುಜ ಕೊಟ್ಟರೆ ಪೆನಾಲ್ಟಿ. ಅದು ತಲೆಗೆ ತಗುಲಿದರೆ ಕಾರ್ಡ್, ರಭಸ ಹೆಚ್ಚಿದ್ದರೆ ಕೆಂಪೂ ಬರಬಹುದು. ಟಚ್‌ಲೈನ್ (ಮೈದಾನದ ಪಕ್ಕದ ಗೆರೆ) ಹತ್ತಿರ ಓಡ್ತಿರೋ ವಿಂಗರ್‌ನ ಕಂಡರೆ ಕಬಡ್ಡಿ ಹುಡುಗನ ಭುಜ ತಾನಾಗೇ ಮುಂದೆ ಹೋಗುತ್ತೆ. ಹಾಗಾಗಿ ಗೆರೆ ಪಕ್ಕದ ಟ್ಯಾಕಲನ್ನ ಪ್ರತ್ಯೇಕವಾಗಿಯೇ ಅಭ್ಯಾಸ ಮಾಡಿಸಬೇಕು.

ನಿಜಕ್ಕೂ ಭಯ ಹುಟ್ಟಿಸೋದು ಪಾದದ ಗಂಟಿಗೆ ಕೈ ಹಾಕೋ ಆಂಕಲ್ ಹೋಲ್ಡ್. ಕಬಡ್ಡಿಯಲ್ಲಿ ರೈಡರ್ ಎದುರಿಗೇ ಇರ್ತಾನೆ, ಹೆಜ್ಜೆ ಅಳೆದು ಇಡ್ತಾನೆ. ತಲೆ ತಗ್ಗಿಸಿ ಕಾಲಿಗೆ ಎರಗಿದರೂ ನಡೆಯುತ್ತೆ. ರಗ್ಬಿಯಲ್ಲಿ ಅವನು 20 ಮೀಟರ್‌ನಿಂದ ಪೂರ್ತಿ ವೇಗದಲ್ಲಿ ಬರ್ತಿರ್ತಾನೆ. ತಲೆ ತಗ್ಗಿಸಿ ಅವನ ಮುಂದೆ ಧುಮುಕಿದರೆ ಮಂಡಿ ಸೀದಾ ಕಪಾಲಕ್ಕೆ. ಅದಕ್ಕೇ ಕಾಲಿನಿಂದ ಶುರು ಮಾಡಿ ಹೇಳಿಕೊಡಬೇಕು. ಕೊನೇ ಎರಡು ಮೂರು ಹೆಜ್ಜೆ ಚಿಕ್ಕದು. ಯಾವ ಭುಜ ಕೊಡ್ತೀಯೋ ಅದೇ ಕಡೆ ಪಾದ ಅವನ ಪಾದದ ಹತ್ತಿರ. ಸೊಂಟ ಇಳಿಸು, ಬೆನ್ನು ನೇರ, ಗಲ್ಲ ಮೇಲೆ, ಕಣ್ಣು ಅವನ ಚಡ್ಡಿ ಮೇಲೆ. ಭುಜ ತೊಡೆಗೆ, ನಿನ್ನ ಕೆನ್ನೆ ಅವನ ಕುಂಡಿ ಹಿಂದೆ, ಅವನ ಮುಂದೆ ಎಂದೂ ಬೇಡ. ಆಮೇಲೆ ಎರಡೂ ತೋಳು ಬಿಗಿದು ಕಾಲು ಓಡಿಸು. ಪಾದ ದೂರ ಉಳಿದರೆ ಮಿಕ್ಕಿದ್ದೆಲ್ಲ ಕೆಡುತ್ತೆ: ಹುಡುಗ ತೋಳಿನಿಂದಲೇ ಎಟುಕಿಸೋಕೆ ನೋಡ್ತಾನೆ, ತಲೆ ಕೆಳಗೆ ಹೋಗುತ್ತೆ.

ಕಬಡ್ಡಿಯಲ್ಲಿ ಕೈಕೈ ಹಿಡಿದು ಚೈನ್ ಕಟ್ಟಿ ಅಭ್ಯಾಸ ಇರೋ ಇಬ್ಬರು ಒಬ್ಬನನ್ನೇ ಹಿಡಿಯೋಕೆ ಹೋದರೆ ಅವರವರ ತಲೆಯೇ ಡಿಕ್ಕಿ. "ನಾನು ತೊಡೆ", "ನಾನು ಚೆಂಡು" ಅಂತ ಬಾಯಿಬಿಟ್ಟು ಹೇಳಿಕೊಂಡೇ ಹೋಗಬೇಕು.

ಇದನ್ನೆಲ್ಲ ಮೈದಾನದಲ್ಲಿ ಹೇಗೆ ಮಾಡಿಸೋದು? ಇಬ್ಬಿಬ್ಬರ ಜೋಡಿ ಮಾಡಿ. ಮೊದಲು ಇಬ್ಬರೂ ಮಂಡಿಯೂರಿ. ಆಮೇಲೆ ಟ್ಯಾಕ್ಲರ್ ಮಂಡಿ ಮೇಲೆ, ಚೆಂಡಿನವನು ನಡೆದು ಬರಲಿ. ಮೂರನೆಯದು ಇಬ್ಬರೂ ನಡಿಗೆಯಲ್ಲಿ. ಕೊನೆಗೆ ಕೋನ್ ಇಟ್ಟು ಮಾಡಿದ 5 ಮೀಟರ್ ಅಗಲದ ಗಲ್ಲಿಯಲ್ಲಿ ನಿಧಾನ ಓಟ. ಪ್ರತಿ ಭುಜಕ್ಕೆ ಆರಾರು ಸಲ. ಬಹುಪಾಲು ಮಕ್ಕಳಿಗೆ ಎಡ ಭುಜ ಕೈಕೊಡುತ್ತೆ, ಅದರಿಂದಲೇ ಶುರು ಮಾಡಿ. ಬೀಳಿಸಿದರಷ್ಟೇ ಸಾಲದು. ಕೈ ಬಿಟ್ಟು, ಎರಡೂ ಅಂಗೈ ಎತ್ತಿ ತೋರಿಸಿ, ಎದ್ದು, ಚೆಂಡಿನ ಮೇಲೆ ಬಂದರೆ ಮಾತ್ರ ಒಂದು ಲೆಕ್ಕ. ಅಂಗೈ ಕಂಡರೆ ರೆಫರಿಗೆ ಅನುಮಾನವೇ ಉಳಿಯಲ್ಲ, ಹುಡುಗ ಚೆಂಡು ಕಿತ್ತುಕೊಂಡರೂ ಆಟ ನಡೆಯುತ್ತೆ.

ನಮ್ಮ ಕೆಂಪು ಮಣ್ಣಿನ ಮೈದಾನ ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ. ಮೊದಲ ಎರಡು ಹಂತಕ್ಕೆ ಪಕ್ಕದ ಶಾಲೆಯ ಕಬಡ್ಡಿ ಮ್ಯಾಟ್ ಕೇಳಿ ತನ್ನಿ. ಮೈಗೆ ಮೈ ತಾಗಿಸೋ ಅಭ್ಯಾಸ ಒಂದು ಸೆಷನ್‌ಗೆ 15 ನಿಮಿಷ ಮೀರೋದು ಬೇಡ. ವೃತ್ತಿಪರರಿಗೇ ವಾರಕ್ಕೆ 15 ನಿಮಿಷದ ಪೂರ್ಣ ಕಾಂಟ್ಯಾಕ್ಟ್ ಸಾಕು ಅಂತ ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿ 2021ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ನಮ್ಮಲ್ಲಿ ಕೆಲವರು 13 ವರ್ಷದ ಮಕ್ಕಳನ್ನ ಮುಕ್ಕಾಲು ಗಂಟೆ ಗುದ್ದಾಡಿಸ್ತಾರೆ, ಗಟ್ಟಿಯಾಗಲಿ ಅಂತಂತೆ!

ಇನ್ನು ಎತ್ತರದ ಟ್ಯಾಕಲ್. ಭುಜದ ಗೆರೆಗಿಂತ ಮೇಲೆ ಕೈ ಹೋದರೆ ಎಲ್ಲೆಡೆ ತಪ್ಪೇ. ಇಂಗ್ಲೆಂಡಿನ ಹವ್ಯಾಸಿ ಕ್ಲಬ್ ರಗ್ಬಿಯಲ್ಲಿ 2023ರಿಂದ ಆ ಗೆರೆಯನ್ನ ಎದೆಮೂಳೆಯ ಕೆಳತುದಿಗೆ ಇಳಿಸಿದ್ದಾರೆ. ಮಕ್ಕಳು ಸಿಟ್ಟಿನಿಂದ ಎತ್ತರ ಹಿಡಿಯೋದು ಕಡಿಮೆ, ಸುಸ್ತಾಗಿ ಹಿಡಿಯೋದೇ ಹೆಚ್ಚು. ತೊಡೆ ಸೋತ ಮೇಲೆ ಸೊಂಟ ಇಳಿಯಲ್ಲ, ಕೈ ಮಾತ್ರ ಕುತ್ತಿಗೆಗೆ ಹೋಗುತ್ತೆ. ಓಟದ ಸುತ್ತು ಮುಗಿದು ಏದುಸಿರು ಬಿಡ್ತಿರೋವಾಗ ಟ್ಯಾಕಲ್ ಬ್ಯಾಗ್ ಮುಂದೆ ಬರೀ ಸೊಂಟ ಇಳಿಸೋದನ್ನ ಹತ್ತು ಸಲ ಮಾಡಿಸಿ. ಗುದ್ದೋದು ಬೇಕಿಲ್ಲ.

ಹಳದಿ ಕಾರ್ಡ್ ಬೆಲೆಯನ್ನ ಮಕ್ಕಳಿಗೆ ಲೆಕ್ಕದಲ್ಲಿ ತೋರಿಸಿ. ಸೆವೆನ್ಸ್‌ನಲ್ಲಿ (ತಂಡಕ್ಕೆ ಏಳು ಜನರ ರಗ್ಬಿ) 7 ನಿಮಿಷದ ಎರಡು ಅವಧಿ, ಹಳದಿಗೆ 2 ನಿಮಿಷ ಹೊರಗೆ. ಅಂದರೆ ಪಂದ್ಯದ ಏಳನೇ ಒಂದು ಪಾಲು. ಮೈದಾನದ ಅಗಲ 70 ಮೀಟರ್ ಹಿಡಿದರೆ, ಹಿಂದೆ ಒಬ್ಬ ಸ್ವೀಪರ್ ಬಿಟ್ಟು ಸಾಲಿನಲ್ಲಿ ನಿಂತ ಆರು ಜನರಿಗೆ ತಲಾ ಸುಮಾರು 12 ಮೀಟರ್. ಒಬ್ಬ ಹೋದರೆ ತಲಾ 14. ಒಂದಿಷ್ಟು ವೇಗ ಇರೋ ಹುಡುಗಿಗೋ ಹುಡುಗನಿಗೋ ಆ ಸಂದು ಧಾರಾಳ ಸಾಕು. ಅದನ್ನ ಮೈದಾನದಲ್ಲೇ ಕೋನ್ ಇಟ್ಟು ನಿಲ್ಲಿಸಿ ತೋರಿಸಿದರೆ ಅರ್ಧ ಗಂಟೆಯ ಭಾಷಣ ಉಳಿಯುತ್ತೆ.

ಈಗ ನಮ್ಮ ಕ್ಲಬ್‌ಗಳ ದೊಡ್ಡವರ ಬಗ್ಗೆ. ಎಲ್ಲಾ ಕಡೆ ಒಬ್ಬ ಹಳೇ ಪ್ರಾಪ್ (ಸ್ಕ್ರಮ್‌ನ ಮುಂಸಾಲಿನ ಆಟಗಾರ) ಇರ್ತಾರೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಭಾನುವಾರ ತಪ್ಪದೆ ಹಾಜರ್. ಎರಡೂ ತಂಡದವರು ತಲೆ ಬಗ್ಗಿಸಿ, ಬೆಸೆದುಕೊಂಡು ತಳ್ಳಾಡೋ ಸ್ಕ್ರಮ್‌ನಲ್ಲಿ ಬೆನ್ನು ಹೇಗಿರಬೇಕು, ಜೆರ್ಸಿ ಎಲ್ಲಿ ಹಿಡೀಬೇಕು ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳಿಕೊಡಲ್ಲ. ಜೊತೆಗೆ, ರೆಫರಿ ಆ ಕಡೆ ತಿರುಗಿದಾಗ ಎದುರಾಳಿಯ ಜೆರ್ಸಿ ಹೇಗೆ ಜಗ್ಗೋದು ಅನ್ನೋದನ್ನೂ ಕಣ್ಣು ಹೊಡೆದು ಕಲಿಸಿಬಿಡ್ತಾರೆ. ಮೊದಲನೆಯದಕ್ಕೆ ಅವರನ್ನ ಕರೀರಿ, ಎರಡನೆಯದು ಶುರುವಾಗೋ ಹೊತ್ತಿಗೆ ಚಹಾ ಕೊಡಿ. ಇನ್ನೊಬ್ಬರು ಫೋನ್ ಹಿಡಿದು ವಿಡಿಯೊ ಮಾಡೋ ಅಪ್ಪ, "ಹೊಡಿ ಮಗಾ, ಹೊಡಿ!" ಅಂತ. ಮಗ ಅಪ್ಪನ ಮಾತು ಮೀರಲ್ಲ, ನೆಟ್ಟಗೆ ನಿಂತೇ ಹೊಡೀತಾನೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದು, ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡ ಟಿವಿಯಲ್ಲಿ ಬಂದ ಮೇಲೆ ಪೋಷಕರಿಗೂ ಆಸಕ್ತಿ ಹುಟ್ಟಿದೆ, ಒಳ್ಳೇದೇ. ಆದರೆ ಸಣ್ಣ ಕ್ಲಿಪ್‌ಗಳಲ್ಲಿ ಓಡಾಡೋದು ಗುದ್ದಿದ ಕ್ಷಣ ಮಾತ್ರ, ಗುದ್ದಿದವನು ಕೈ ಬಿಟ್ಟು ಎದ್ದದ್ದು ಯಾರಿಗೂ ಕಾಣಲ್ಲ.

ರೆಫರಿ ಜೊತೆ ಮಾತಾಡೋದು ನಾಯಕ ಒಬ್ಬನೇ. ಅದೂ ಆಟ ನಿಂತಾಗ. "ಸರ್, ಅದು ಹೇಗೆ ತಪ್ಪು?" ಅಂದರೆ ಜಗಳ, "ಸರ್, ನಮ್ಮವರು ಏನು ಸರಿ ಮಾಡ್ಕೋಬೇಕು?" ಅಂದರೆ ಉತ್ತರ ಸಿಗುತ್ತೆ. ಪೆನಾಲ್ಟಿ ಕೊಟ್ಟ ಮೇಲೆ ಗೊಣಗಿದರೆ ಜಾಗ 10 ಮೀಟರ್ ಮುಂದೆ ಹೋಗುತ್ತೆ. ತಮಗೇ ಸಿಕ್ಕ ಪೆನಾಲ್ಟಿ ಇದ್ದಾಗ ತಿರುಗಿ ತಳ್ಳಿದರೆ ಅದು ಉಲ್ಟಾ ಆಗಿ ಎದುರಾಳಿಗೆ.

ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಆ ಮಗು ಆ ದಿನ ಮತ್ತೆ ಒಳಗೆ ಹೋಗಬಾರದು. ಡಾಕ್ಟರ್ ನೋಡಬೇಕು, ಪಂದ್ಯಕ್ಕೆ ಮರಳೋದು ಕನಿಷ್ಠ 21 ದಿನ ಆದ ಮೇಲೆ. ಫೈನಲ್ ಇದೆ ಅಂತ ಈ ವಿಷಯದಲ್ಲಿ ಚೌಕಾಸಿ ಮಾಡೋ ಕೋಚ್‌ಗೆ ಮಕ್ಕಳನ್ನ ಒಪ್ಪಿಸಬೇಡಿ.

ಕೊನೆಯದಾಗಿ, ಬೆಂಚಿನಲ್ಲಿ ಕೂತ ಮಗುವಿಗೆ ಒಂದು ನೋಟ್‌ಬುಕ್ ಕೊಡಿ. ನಾಲ್ಕು ಕಾಲಂ: ಎತ್ತರ, ಬಿಡಲಿಲ್ಲ, ಆಫ್‌ಸೈಡ್, ಬಾಯಿ. ಪ್ರತಿ ಪೆನಾಲ್ಟಿಗೂ ಜೆರ್ಸಿ ನಂಬರ್, ನಿಮಿಷ. "ಬಿಡಲಿಲ್ಲ" ತುಂಬಿದ್ದರೆ ಮುಂದಿನ ಸೆಷನ್ ಅಂಗೈ ಡ್ರಿಲ್. "ಎತ್ತರ" ಎರಡನೇ ಅವಧಿಯಲ್ಲೇ ಬಿದ್ದಿದ್ದರೆ ದಮ್ಮಿನ ಕೆಲಸ. "ಆಫ್‌ಸೈಡ್" ಆದರೆ ರಕ್‌ನ (ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರು ನಿಂತು ತಳ್ಳಾಡೋ ಗುಂಪು) ಕೊನೇ ಪಾದದ ಹಿಂದೆ ನಿಲ್ಲೋದು. "ಬಾಯಿ" ತುಂಬಿದ್ದರೆ ಡ್ರಿಲ್ ಬೇಡ, ಗೆರೆಯಾಚೆ ನಿಂತಿದ್ದ ದೊಡ್ಡವರನ್ನ ಕೂರಿಸಿಕೊಂಡು ಮಾತಾಡಿ.