ಐದನೇ ಕ್ಲಾಸಿನ ಬಾಟಲಿ

ಫ್ರಾನ್ಸಿನಿಂದ ಬಂದ ನನ್ನ ಸೋದರಳಿಯ ಒಂದು ವೈನ್ ಬಾಟಲಿ ತಂದುಕೊಟ್ಟ. ನಮ್ಮ ಮನೆಯಲ್ಲಿ ವೈನ್ ಕುಡಿಯುವವರು ಯಾರೂ ಇಲ್ಲ. ನಾನು ಕುಡಿಯುತ್ತೇನೆಂಬುದು ಮನೆಯವರಿಗೆ ಗೊತ್ತಿಲ್ಲ. ಲೇಬಲ್ ಮೇಲೆ 1855 ಎಂದು ಅಚ್ಚಾಗಿತ್ತು. ಅಬ್ಬಾ, ಸಿಪಾಯಿ ದಂಗೆಗಿಂತ ಎರಡು ವರ್ಷ ಹಳೆಯದು ಎಂದುಕೊಂಡು ಕಾಶಿಯಿಂದ ಬಂದ ಗಂಗೆಯ ಗಿಂಡಿಯನ್ನು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನು ನಕ್ಕ. ‘ಮಾವ, ವೈನ್ 2018ರದ್ದು. 1855 ಅಂದ್ರೆ ಆ ತೋಟಕ್ಕೆ ರ್‍ಯಾಂಕ್ ಬಂದ ವರ್ಷ.’

ಅಷ್ಟು ನಗಬೇಕಾಗಿರಲಿಲ್ಲ. ಅವನಿಗೆ ಹದಿಮೂರರ ಮಗ್ಗಿ ಬಾಯಿಪಾಠ ಮಾಡಿಸಿದವನು ನಾನು. ಆದರೆ ಆ ನಗುವಿನ ಉರಿಯಲ್ಲೇ ರಾತ್ರಿಯೆಲ್ಲಾ ಕೂತು ಆ ಬಾಟಲಿಯ ತವರಾದ ಬೋರ್ಡೋ ಪ್ರಾಂತ್ಯದ ಜಾತಕ ಜಾಲಾಡಿದೆ. ಬೆಳಗಿನ ಜಾವಕ್ಕೆ ರ್‍ಯಾಂಕುಗಳ ಬಗ್ಗೆ ನನಗೊಂದು ದೊಡ್ಡ ಸತ್ಯ ಹೊಳೆಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಆಗಿದ್ದಿಷ್ಟೇ. 1855ರಲ್ಲಿ ಮೂರನೇ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ಇಟ್ಟ. ಬೋರ್ಡೋದ ವಾಣಿಜ್ಯ ಮಂಡಳಿ ಅಲ್ಲಿಗೆ ವೈನ್ ಕಳಿಸಬೇಕಿತ್ತು. ‘ಯಾವ ತೋಟ ಯಾವ ದರ್ಜೆ, ಪಟ್ಟಿ ಮಾಡಿಕೊಡಿ’ ಎಂದು ಏಪ್ರಿಲ್ 5ರಂದು ದಲ್ಲಾಳಿಗಳಿಗೆ ಕಾಗದ ಬರೆಯಿತು. ದಲ್ಲಾಳಿಗಳು 18ಕ್ಕೆ ಪಟ್ಟಿ ಕೊಟ್ಟರು. ಹದಿಮೂರು ದಿನ! ನಮ್ಮಲ್ಲಿ ಮದುವೆ ಅಡಿಗೆಯವರು ಸಾಮಾನಿನ ಪಟ್ಟಿ ಕೊಡಲಿಕ್ಕೂ ಇದಕ್ಕಿಂತ ಹೆಚ್ಚು ಸತಾಯಿಸುತ್ತಾರೆ. ಹೊಸದಾಗಿ ರುಚಿ ನೋಡುವ ಗೋಜಿಗೆ ಹೋಗಲಿಲ್ಲ. ಯಾವ ತೋಟದ ವೈನು ವರ್ಷಾನುವರ್ಷ ಎಷ್ಟಕ್ಕೆ ಹೋಗುತ್ತಿದೆ ಎಂಬುದು ಅವರ ಖಾತೆ ಪುಸ್ತಕದಲ್ಲೇ ಇತ್ತು. ಕೆಂಪು ವೈನಿಗೆ ಐದು ಕ್ಲಾಸು ಮಾಡಿದರು. ಮೊದಲ ಕ್ಲಾಸಿಗೆ ನಾಲ್ಕೇ ಹೆಸರು: ಲಫೀತ್, ಲತೂರ್, ಮಾರ್ಗೋ, ಓ ಬ್ರಿಯಾಂ. ಕಾಂತಮೆರ್ಲ್ ಎಂಬ ಒಂದು ತೋಟ ಮಾತ್ರ ಸೆಪ್ಟೆಂಬರಿನಲ್ಲಿ, ವೇಟಿಂಗ್ ಲಿಸ್ಟಿನವರು ಟಿ.ಟಿ.ಯನ್ನು ಹಿಡಿದು ಬರ್ತ್ ಗಿಟ್ಟಿಸುವ ಹಾಗೆ, ಪಟ್ಟಿಯ ಬಾಲಕ್ಕೆ ಬಂದು ಸೇರಿಕೊಂಡಿತು.

ಆ ಪಟ್ಟಿಯೇ ಇವತ್ತಿಗೂ ನಡೆಯುತ್ತಿದೆ. ಒಡೆಯರು ಬದಲಾದರು, ತೋಟಗಳು ಹಿಗ್ಗಿದವು, ಕುಗ್ಗಿದವು. ರ್‍ಯಾಂಕ್ ಇರುವುದು ಮಣ್ಣಿಗಲ್ಲ, ಹೆಸರಿಗೆ. ಪಕ್ಕದವನ ತುಂಡು ತೋಟ ಕೊಂಡು ಸೇರಿಸಿಕೊಂಡರೆ ಅದೂ ರಾತ್ರೋರಾತ್ರಿ ಕುಲೀನವಾಗುತ್ತದೆ. ಮುತ್ತಜ್ಜ ಪಾಸಾದ ಮಾರ್ಕ್ಸ್ ಕಾರ್ಡನ್ನು ಮರಿಮಗ ಇಂಟರ್‌ವ್ಯೂಗೆ ಒಯ್ದ ಹಾಗೆ. ಜಾಣತನ ನೋಡಿ: ಎರಡರಿಂದ ಐದನೇ ಕ್ಲಾಸಿನವರು ಲೇಬಲ್ ಮೇಲೆ ಸಾಮಾನ್ಯವಾಗಿ ‘1855ರಲ್ಲಿ ದರ್ಜೆ ಪಡೆದ ತೋಟ’ ಎಂದಷ್ಟೇ ಹಾಕಿ ಸುಮ್ಮನಾಗುತ್ತಾರೆ. ಎಷ್ಟನೆಯ ದರ್ಜೆ ಎಂದು ಬಾಯಿ ಬಿಡುವುದಿಲ್ಲ. ಅಳಿಯ ತಂದದ್ದು ಐದನೆಯದು. ಅದನ್ನು ಅವನೂ ಹೇಳಿರಲಿಲ್ಲ.

ಈಗ ಮೂತೋಂ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಬೇಕಾದ ಕತೆ ಇದೊಂದೇ.

ಪೊಯಾಕ್ ಎಂಬ ಊರಿನಲ್ಲಿ ಎರಡು ತೋಟ, ಒಂದಕ್ಕೊಂದು ಬೇಲಿ. ಮೂತೋಂ ತೋಟವನ್ನು 1853ರಲ್ಲಿ ರಾಥ್‌ಶೀಲ್ಡ್ ಮನೆತನದ ಒಂದು ಕವಲು ಕೊಂಡಿತು. ಕೊಂಡು ಎರಡೇ ವರ್ಷಕ್ಕೆ ಪಟ್ಟಿ ಬಂತು. ಮೂತೋಂ ಎರಡನೇ ಕ್ಲಾಸಿನ ಮೊದಲನೆಯದಾಗಿ ನಿಂತಿತು. ಅಷ್ಟಾಗಿದ್ದರೂ ತಡೆದುಕೊಳ್ಳಬಹುದಿತ್ತು. 1868ರಲ್ಲಿ ಅದೇ ಮನೆತನದ ಇನ್ನೊಂದು ಕವಲಿನವರು ಪಕ್ಕದ ಲಫೀತನ್ನು ಕೊಂಡುಬಿಟ್ಟರು. ಅದು ಫಸ್ಟ್ ಕ್ಲಾಸು! ದಾಯಾದಿಗಳು ಫಸ್ಟ್ ಕ್ಲಾಸು, ನಾವು ಸೆಕೆಂಡ್ ಕ್ಲಾಸು, ನಡುವೆ ಒಂದು ಬೇಲಿ. ಮಹಾಭಾರತ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1922ರಲ್ಲಿ ಫಿಲಿಪ್ ಎಂಬ ಇಪ್ಪತ್ತರ ಹುಡುಗ ಮೂತೋಂ ವಹಿಸಿಕೊಂಡ. ಅಲ್ಲಿಂದ ಶುರುವಾಯಿತು ಹಠ. ಆ ಕಾಲದಲ್ಲಿ ವೈನನ್ನು ಪೀಪಾಯಿಯಲ್ಲೇ ವರ್ತಕರಿಗೆ ಕೊಡುತ್ತಿದ್ದರು. ಇವನು 1924ರ ಬೆಳೆಯನ್ನೆಲ್ಲ ತೋಟದಲ್ಲೇ ಬಾಟಲಿಗೆ ತುಂಬಿಸಿದ. 1945ರಿಂದ ವರ್ಷಕ್ಕೊಬ್ಬ ಕಲಾವಿದನಿಂದ ಲೇಬಲ್‌ಗೆ ಚಿತ್ರ ಬರೆಸಿದ. ‘ಮೊದಲನೆಯವನಾಗಲಾರೆ, ಎರಡನೆಯವ ಎನಿಸಿಕೊಳ್ಳಲೊಲ್ಲೆ, ನಾನು ಮೂತೋಂ’ ಎಂಬುದು ಅವರ ಧ್ಯೇಯವಾಕ್ಯ. ಎಂಥ ಹೊಟ್ಟೆಯುರಿ, ಎಂಥ ಗತ್ತು! ಕಂಡವರ ಬಾಗಿಲೆಲ್ಲ ತಟ್ಟಿ ತಟ್ಟಿ, 1973ರಲ್ಲಿ, ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ, ಮುದುಕ ಗೆದ್ದ. ಆಗಿನ ಕೃಷಿ ಮಂತ್ರಿ, ಮುಂದೆ ರಾಷ್ಟ್ರಾಧ್ಯಕ್ಷನಾದ ಜಾಕ್ ಶಿರಾಕ್, ಮೂತೋಂಗೆ ಫಸ್ಟ್ ಕ್ಲಾಸು ಕೊಟ್ಟು ರುಜು ಹಾಕಿದ. ಆ ವರ್ಷದ ಲೇಬಲ್‌ಗೆ ಪಿಕಾಸೋ ಚಿತ್ರ. ಧ್ಯೇಯವಾಕ್ಯವನ್ನೂ ತಿದ್ದಿದರು: ‘ಮೊದಲನೆಯವ ನಾನು, ಎರಡನೆಯವನಾಗಿದ್ದೆ, ಮೂತೋಂ ಬದಲಾಗದು.’ ಬದಲಾಗದು ಎನ್ನಲಿಕ್ಕೆ ವಾಕ್ಯವನ್ನೇ ಬದಲಿಸಿದ ಈ ಅಜ್ಜನ ಮೇಲೆ ನನಗೆ ವಿಪರೀತ ಪ್ರೀತಿ. ನಮ್ಮ ದೊಡ್ಡಪ್ಪನ ಮಗನಿಗೆ ಏಳನೇ ಕ್ಲಾಸಿನಲ್ಲಿ ನನಗಿಂತ ಎರಡು ಅಂಕ ಹೆಚ್ಚು ಬಂದಿತ್ತು. ಲೆಕ್ಕದ ಮೇಷ್ಟ್ರು ಕೂಡಿದ್ದು ತಪ್ಪು. ಉತ್ತರ ಪತ್ರಿಕೆ ಈಗಲೂ ನನ್ನ ಹತ್ತಿರ ಇದೆ. ಆದರೆ ರುಜು ಹಾಕುವ ಮಂತ್ರಿ ಸಿಗಲಿಲ್ಲ.

ಹಾಗಾದರೆ ಆಗಾಗ ಮರುಪರೀಕ್ಷೆ ಮಾಡಬಾರದೆ ಎನ್ನುತ್ತೀರಿ. ನದಿಯಾಚೆಯ ಸೇಂತ್ ಎಮಿಲಿಯೋಂನವರು ಮಾಡಿದರು. 1955ರಲ್ಲಿ ಪಟ್ಟಿ, ಸುಮಾರು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ. 2006ರಲ್ಲಿ ಕೆಳಗಿಳಿದವರು ಕೋರ್ಟಿಗೆ ಹೋಗಿ ಆ ಪಟ್ಟಿಯನ್ನೇ ರದ್ದು ಮಾಡಿಸಿದರು. 2012ರದ್ದೂ ಕೋರ್ಟು ಹತ್ತಿತು. ಕಾರು ನಿಲ್ಲಿಸುವ ಜಾಗಕ್ಕೂ ಅಂಕ ಕೊಟ್ಟಿದ್ದಾರೆ ಎಂದು ಸೋತವರ ದೂರು. ಕಡೆಗೆ 2021ರಲ್ಲಿ ತುತ್ತತುದಿಯಲ್ಲಿದ್ದ ಶೆವಾಲ್ ಬ್ಲಾಂ ಮತ್ತು ಓಸೋನ್ ಎರಡೂ ‘ನಿಮ್ಮ ಪರೀಕ್ಷೆಯೇ ಬೇಡ’ ಎಂದು ಎದ್ದು ನಡೆದವು. ಅಲ್ಲೇ ಪಕ್ಕದ ಪೊಮೆರೋಲ್‌ನಲ್ಲಿ ಪಟ್ಟಿಯೇ ಇಲ್ಲ, ದರ್ಜೆಯೂ ಇಲ್ಲ. ಅಲ್ಲಿನ ಪೆಟ್ರೂಸ್ ಬಾಟಲಿಯೊಂದರ ಬೆಲೆ ಕೇಳಿದರೆ ಮಾತ್ರ ಎದೆ ಒಡೆಯುತ್ತದೆ.

ಆ ದೊಡ್ಡ ಸತ್ಯ ಹೇಳುತ್ತೇನೆ ಎಂದಿದ್ದೆನಲ್ಲ. ಅಷ್ಟರಲ್ಲಿ ಬಾಟಲಿಯನ್ನು ಅಡ್ಡ ಮಲಗಿಸಿಡಬೇಕು, ಇಲ್ಲದಿದ್ದರೆ ಬಿರಡೆ ಒಣಗುತ್ತದೆ ಎಂದು ಓದಿ ಗಾಬರಿಯಾಗಿ ಎದ್ದೆ. ನನ್ನಾಕೆ ಅದನ್ನು ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ನಡುವೆ ನೆಟ್ಟಗೆ ನಿಲ್ಲಿಸಿದ್ದಳು. ‘ಮಲಗಿಸಿದ್ರೆ ಗಾಜಿನ ಬಾಗಿಲು ಹಾಕೋಕಾಗಲ್ಲ ರೀ, ನಿಂತೇ ಇರಲಿ’ ಎಂದಳು. ಬಿರಡೆ ತೆಗೆಯುವ ತಿರುಪು ಮನೆಯಲ್ಲಿಲ್ಲ. ಕೇಳಿದರೆ ಯಾಕೆ ಬೇಕೆಂಬ ಪ್ರಶ್ನೆ ಬರುತ್ತದೆ.

ಮೊನ್ನೆ ಮೇಲಿನ ಮನೆಯ ರಾಯರು ಕಾಫಿಗೆ ಬಂದವರು ಶೋಕೇಸಿನ ಮುಂದೆ ನಿಂತರು. ‘ಬಹಳ ಹಳೇದಾ ಸಾರ್?’ ಎಂದರು. ‘1855 ಅಂತ ಬರೆದಿದೆ ನೋಡಿ’ ಎಂದೆ. ಚಪ್ಪಲಿ ಹೇಗೂ ಹೊರಗೇ ಬಿಟ್ಟಿದ್ದರು. ಎರಡೂ ಕೈಯಲ್ಲಿ ಹಿಡಿದುಕೊಂಡರು.