ನಡುಮಧ್ಯಾಹ್ನ ಬಾಗಿಲು ಹಾಕುವ ಊರು

"ಮೇ ತಿಂಗಳಲ್ಲಿ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿಗೆ ಹೋಗುತ್ತೀರಾ? ಮಕ್ಕಳ ಮೇಲೆ ಕರುಣೆ ಇಲ್ಲವೇ?" ಮುಂಬೈಯಲ್ಲಿ ನೆರೆಮನೆಯವರೊಬ್ಬರು ಲಿಫ್ಟಿನಲ್ಲಿ ಕೇಳಿದ ಮಾತಿದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪತ್ರಿಕೆಗಳಲ್ಲಿ ರಾಯಚೂರು, ಬಳ್ಳಾರಿಯ ಹೆಸರು ಬೇಸಿಗೆಯಲ್ಲಿ ಬರುವುದೇ 42 ಡಿಗ್ರಿಯ ಜೊತೆಗೆ. ಆದರೂ ಚುಚ್ಚಿತು. ಯಾಕೆಂದರೆ ಅದೇ ಹೊತ್ತಿನಲ್ಲಿ, ಬೆಳಗಿನ ಹನ್ನೊಂದೂವರೆಗೆ, ಕೆಳಗಿನ ಸಿಮೆಂಟ್ ಅಂಗಳದಲ್ಲಿ ಬೇಸಿಗೆ ಶಿಬಿರದ ಮಕ್ಕಳು ಮುಖ ಕೆಂಪಗೆ ಮಾಡಿಕೊಂಡು ಸ್ಕೇಟಿಂಗ್ ಕಲಿಯುತ್ತಿದ್ದವು. ನಮ್ಮ ಕಡೆ ಆ ಹೊತ್ತಿಗೆ ಮಗುವನ್ನು ಹೊಸ್ತಿಲು ದಾಟಲು ಬಿಟ್ಟರೆ ಓಣಿಯವರೆಲ್ಲ ಸೇರಿ ತಾಯಿಗೆ ಬೈಯುತ್ತಾರೆ.

ಬಿಸಿಲಿಗೆ ದಾರಿ ಬಿಟ್ಟುಕೊಡಲು ಬಲ್ಲ ಊರಿನಲ್ಲೇ ಸಣ್ಣ ಮಕ್ಕಳ ಬೇಸಿಗೆ ಸಲೀಸಾಗಿ ಕಳೆಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಉಷ್ಣಮಾಪಕ ಏನೇ ಹೇಳಲಿ, ರಾಯಚೂರು, ಕೊಪ್ಪಳ, ಬಳ್ಳಾರಿಗೆ ಆ ವಿದ್ಯೆ ಗೊತ್ತು. ಮುಂಬೈಗೆ ಗೊತ್ತಿಲ್ಲ.

ಊರಿನ ದಿನ ಎರಡು ತುಂಡು. ಐದೂವರೆಗೆ ಎದ್ದ ಮಕ್ಕಳಿಗೆ ಒಂಬತ್ತೂವರೆ ತನಕ ಅಂಗಳ, ಕಟ್ಟೆ, ಬೇವಿನ ನೆರಳು. ಹತ್ತಕ್ಕೆ ಸ್ನಾನ, ಹತ್ತೂವರೆ ಹನ್ನೊಂದಕ್ಕೆ ಊಟ. "ಹೊತ್ತು ನೆತ್ತಿಗೆ ಬಂತು, ಒಳಗ ಬರ್ರೋ" ಎಂದು ಅಜ್ಜಿ ಕೂಗಿದ ಮೇಲೆ ನಾಲ್ಕು ಗಂಟೆಯ ತನಕ ಬಾಗಿಲು ಹಾಕಿಯೇ ಇರುತ್ತದೆ. ಕಿಟಕಿಗೆ ಒದ್ದೆ ಬಟ್ಟೆ, ನೆಲಕ್ಕೆ ಬರೀ ಚಾಪೆ, ಚೌಕಾಬಾರ, ಆಮೇಲೆ ನಿದ್ದೆ. ನಾಲ್ಕೂವರೆಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಸಣ್ಣವರಿಗೆ ಮಿರ್ಚಿ ಇಲ್ಲದ ಒಗ್ಗರಣಿ. ಐದೂವರೆಯಿಂದ ಮತ್ತೆ ಬೀದಿ ಮಕ್ಕಳದು, ರಾತ್ರಿ ಮಾಳಿಗೆ. ಸರ್ಕಾರ ಕೂಡ ಇದನ್ನು ಒಪ್ಪಿಕೊಂಡಿದೆ: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಅಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಮಗುವಿನ ಪಕ್ಕದಲ್ಲೇ ಮಲಗುವ ಬೇಸಿಗೆ ಅದು. ಮುಂಬೈಯಲ್ಲಿ ಆ ಭಾಗ್ಯ ಯಾವ ಅಪ್ಪನಿಗೂ ಇಲ್ಲ. ಅಲ್ಲಿ ಗಡಿಯಾರ ಜನವರಿಯಲ್ಲಿ ಹೇಗೋ ಮೇ ತಿಂಗಳಲ್ಲೂ ಹಾಗೇ. ಶಿಬಿರ ಹತ್ತರಿಂದ ಒಂದರವರೆಗೆ, ಪಾಳಣಾಘರದಿಂದ, ಎಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಮನೆಯಿಂದ, ಮಗುವನ್ನು ತರುವುದು ಸಂಜೆ ಏಳಕ್ಕೆ. ಮಗು ಹೊರಗಿರಬೇಕಾದ ಹೊತ್ತಿನಲ್ಲಿ ಒಳಗೆ, ಒಳಗಿರಬೇಕಾದ ಹೊತ್ತಿನಲ್ಲಿ ಹೊರಗೆ.

"ನಮ್ಮಲ್ಲಿ 34 ಡಿಗ್ರಿ ಅಷ್ಟೇ" ಎಂಬ ಧೈರ್ಯ ಮುಂಬೈಯವರಿಗೆ. ಸಮುದ್ರದ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಕತ್ತು, ಕಂಕುಳಲ್ಲಿ ಬೆವರುಸಾಲೆ ಏಳುವುದೂ ಅದಕ್ಕೇ. ಅದಕ್ಕೆ ಪೌಡರ್ ಸುರಿದರೆ ಬೆವರಿನ ಜೊತೆ ಕೆಸರಾಗುತ್ತದೆ, ಮಗುವಿನ ಉಸಿರಿಗೂ ಒಳ್ಳೆಯದಲ್ಲ. ನಮ್ಮ ಕಡೆಯ ಒಣ ಬಿಸಿಲಿನದು ಬೇರೆ ಮೋಸ. ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಮಗುವಿನ ಮೈ ಒಣಗಿಯೇ ಇರುತ್ತದೆ, ಒಳಗಿನ ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿ ಗೆರೆ ಕಂಡರೆ, ಉಚ್ಚೆಯ ಬಣ್ಣ ದಟ್ಟವಾದರೆ, ಆರು ಗಂಟೆ ಹೊತ್ತು ಮಗು ಉಚ್ಚೆಯನ್ನೇ ಹೊಯ್ಯದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಹಸುಗೂಸಿನ ನೆತ್ತಿ ಕುಳಿಬಿದ್ದರೆ ತಡಮಾಡಬಾರದು, ಓಆರ್‌ಎಸ್ ಕುಡಿಸುತ್ತ ದವಾಖಾನೆಗೆ ತೋರಿಸಬೇಕು. ಓಆರ್‌ಎಸ್ ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಎಂದಿರಬೇಕು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಅರ್ಧ ಲೋಟಕ್ಕೆ ಸುರಿದು ಗಟ್ಟಿ ಮಾಡಿದರೆ ಬೇಧಿ ಹೆಚ್ಚುತ್ತದೆ. ಪೊಟ್ಟಣ ಇಲ್ಲದ ಹಳ್ಳಿಯಲ್ಲಿ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಕಲಸಿದ್ದನ್ನು ಮರುದಿನಕ್ಕೆ ಇಡಬಾರದು.

ಆ ಒಣ ಗಾಳಿಯ ಉಪಕಾರವೂ ದೊಡ್ಡದು. ಮಣ್ಣಿನ ಗಡಿಗೆಯನ್ನೇ ನೋಡಿ. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಮುಂಬೈಯ ಅಡುಗೆಮನೆಯಲ್ಲಿ ಅದೇ ಗಡಿಗೆ ಇಟ್ಟರೆ ಹೊರಮೈ ಒದ್ದೆಯಾಗಿಯೇ ನಿಲ್ಲುತ್ತದೆ, ನೀರು ಅಷ್ಟು ತಣಿಯುವುದಿಲ್ಲ. ಊರಲ್ಲಿ ಹೊಸ ಗಡಿಗೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿ, ಮೊದಲು ತುಂಬಿದ ನೀರು ಚೆಲ್ಲಿ, ಮರಳಿನ ಮೇಲೆ ಗಾಳಿಯಾಡುವ ಕಡೆ ಕೂಡಿಸುತ್ತಾರೆ. ದಿನಕ್ಕೆರಡು ಸಲ ಮರಳಿಗೂ ಸುತ್ತಿದ ಬಟ್ಟೆಗೂ ನೀರು. ಮಕ್ಕಳು ಕೈ ಅದ್ದದಂತೆ ಉದ್ದ ಹಿಡಿಯ ಸೌಟು. ಹೋದ ವರ್ಷದ ಗಡಿಗೆ ಈ ವರ್ಷ ತಣ್ಣಗೆ ಮಾಡದಿದ್ದರೆ ಕುಂಬಾರನನ್ನು ದೂರಬೇಡಿ. ಬೋರಿನ ಗಡಸು ನೀರಿನ ಉಪ್ಪು ರಂಧ್ರಗಳನ್ನು ಮುಚ್ಚಿರುತ್ತದೆ, ತಿಕ್ಕಿದರೆ ಹೋಗುವುದಿಲ್ಲ. ಯುಗಾದಿಯ ಹೊತ್ತಿಗೆ ಹೊಸದು ತರುವುದೇ ಸರಿ.

ಕೂಲರ್‌ ಓಡುವುದೂ ಇದೇ ಲೆಕ್ಕದಲ್ಲಿ. ಆದರೆ ನಮ್ಮವರು ಅದನ್ನು ಏಸಿಯಂತೆ ಬಳಸುತ್ತಾರೆ: ಎಲ್ಲ ಕಿಟಕಿ ಮುಚ್ಚಿ ಒಳಗೆ ಹಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ತೇವದಿಂದ ತುಂಬಿ, ಮುಂಬೈಯ ಜಿಗಟು ರಾಯಚೂರಿಗೇ ಬಂದುಬಿಡುತ್ತದೆ. ಕೂಲರ್ ಇರುವುದು ಕಿಟಕಿಯಲ್ಲಿ, ಬೆನ್ನು ಹೊರಗಿನ ಗಾಳಿಗೆ. ಎದುರುಗಡೆಯ ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. ಮೊದಲು ಐದು ನಿಮಿಷ ಪಂಪ್ ಓಡಿಸಿ ಹುಲ್ಲು ನೆನೆದ ಮೇಲೆ ಫ್ಯಾನ್. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಗೋಡೆ ತಿಕ್ಕಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯ ಅರ್ಥಿಂಗ್. ತಗಡಿನ ಕೂಲರಿಗೆ ಎರಡು ಪಿನ್ನಿನ ಪ್ಲಗ್ ಹಾಕಿ, ಒದ್ದೆ ನೆಲದ ಮೇಲೆ ಬರಿಗಾಲ ಮಗು ಓಡಾಡುವ ಮನೆಗಳು ಎಷ್ಟೋ ಇವೆ. ನೀರು ತುಂಬುವ ಮೊದಲು ಪ್ಲಗ್ ಕೀಳಬೇಕು. ಇದನ್ನು ಕೈಮುಗಿದು ಹೇಳುತ್ತೇನೆ.

ಬೆಳಗಿನ ಹೊಟ್ಟೆಗೆ ಅಂಬಲಿಯ ಮುಂದೆ ಮುಂಬೈಯ ಯಾವ ಡಬ್ಬದ ಪೇಯವೂ ನಿಲ್ಲದು. ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ರಾತ್ರಿ ಒಂದು ಲೋಟ ನೀರಿನಲ್ಲಿ ಕಲಸಿ ಮುಚ್ಚಿಡಬೇಕು. ಬೆಳಿಗ್ಗೆ ಸಣ್ಣಗೆ ಹುಳಿ ವಾಸನೆ ಬಂದಿರುತ್ತದೆ. ಮೂರು ಲೋಟ ನೀರು ಕುದಿಯುವಾಗ ಇದನ್ನು ಸುರಿಯುತ್ತ ಕೈಬಿಡದೆ ತಿರುವಬೇಕು. ಒಣ ಹಿಟ್ಟನ್ನೇ ಕುದಿನೀರಿಗೆ ಹಾಕುವವರಿಗೆ ಗಂಟು ತಪ್ಪುವುದಿಲ್ಲ. ಎಂಟು ಹತ್ತು ನಿಮಿಷಕ್ಕೆ ಹಸಿ ವಾಸನೆ ಹೋಗಿ ಮೇಲೆ ಹೊಳಪು ಬರುತ್ತದೆ, ಆಗ ಇಳಿಸುವುದು. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ. ಬಿಸಿಗೆ ಹಾಕಿದರೆ ಒಡೆದು ಮಗು ಮೂಗು ಮುರಿಯುತ್ತದೆ. ದೊಡ್ಡ ಮಕ್ಕಳಿಗೆ ಉಪ್ಪು, ಜಜ್ಜಿದ ಜೀರಿಗೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ವರ್ಷ ತುಂಬದ ಕೂಸಿಗೆ ಉಪ್ಪು ಬೇಡ. ಮಧ್ಯಾಹ್ನಕ್ಕೆ ಉಳಿದದ್ದು ಹುಳಿ ಏರಿರುತ್ತದೆ, ಅದು ದೊಡ್ಡವರ ಪಾಲು.

ರಾತ್ರಿಯ ಮಾಳಿಗೆಯ ಸುಖಕ್ಕೂ ಕ್ರಮ ಬೇಕು. ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟ್ ಅದನ್ನು ಕಕ್ಕುವುದು ರಾತ್ರಿ. ಆರು ಗಂಟೆಗೆ ಸುರಿದ ಮೊದಲ ಕೊಡ ನೋಡುತ್ತಿದ್ದಂತೆಯೇ ಆರಿಹೋಗುತ್ತದೆ. ಏಳಕ್ಕೆ ಎರಡನೆಯದು, ಒಂಬತ್ತರ ಮೇಲೆ ಹಾಸಿಗೆ. ಹಾಸುವ ಮೊದಲು ಜಮಖಾನ, ಕೌದಿ ಝಾಡಿಸಬೇಕು, ಬೇಸಿಗೆಯಲ್ಲಿ ಚೇಳು ಹೊರಬರುತ್ತವೆ. ಮಗುವಿಗೆ ಚೇಳು ಕಡಿದರೆ ಮಂತ್ರ ಹಾಕಿಸುತ್ತ ಕೂಡದೆ ನೇರ ದವಾಖಾನೆಗೆ. ಕೈಪಿಡಿಗೋಡೆ ಗಿಡ್ಡಗಿರುವ ಮಾಳಿಗೆಯಲ್ಲಿ ನಿದ್ದೆಗಣ್ಣಲ್ಲಿ ಎದ್ದು ನಡೆಯುವ ಮಗುವನ್ನು ಮಲಗಿಸಲೇಬಾರದು. ಗೋಡೆ ಎತ್ತರವಿದ್ದರೂ ಮಕ್ಕಳು ನಡುವೆ, ದೊಡ್ಡವರು ಅಂಚಿಗೆ, ಮೆಟ್ಟಿಲ ಬಾಗಿಲಿಗೆ ಚಿಲಕ.

ಹೊರನಾಡಿನವರಿಗೆ ರಜೆಯ ಲೆಕ್ಕವೇ ತೊಡಕು. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ; ಮಹಾರಾಷ್ಟ್ರದಲ್ಲಿ ಮೇ ಮೊದಲಿನಿಂದ ಜೂನ್ ನಡುವಿನವರೆಗೆ. ಚಿಗವ್ವ, ದೊಡ್ಡವ್ವನ ಮಕ್ಕಳ ಜೊತೆ ಸಿಗುವುದು ಮೇ ತಿಂಗಳೊಂದೇ. ಅದರಲ್ಲೂ ಅನೇಕರು ಮದುವೆಗೆಂದು ನಾಲ್ಕು ದಿನಕ್ಕೆ ಬಂದು ಓಡುತ್ತಾರೆ. ಮಕ್ಕಳಿಗೆ ಅದೇ ಅತಿ ಕಷ್ಟದ ಭೇಟಿ. ಹೊಸ ಬಿಸಿಲಿಗೆ ಮೈ ಹೊಂದಲು ಒಂದರಿಂದ ಎರಡು ವಾರ ಬೇಕು. ಒಗ್ಗುವ ಮೊದಲೇ ವಾಪಸು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿದಂತಾಗುತ್ತದೆ. ಬರುವುದಾದರೆ ಮೂರು ವಾರಕ್ಕೆ ಬನ್ನಿ. ಮೊದಲ ಮೂರು ನಾಲ್ಕು ದಿನ ಎಂಟೂವರೆಗೇ ಮಕ್ಕಳನ್ನು ಒಳಗೆ ಕರೆಯಿರಿ, ಊರಿನ ಮಕ್ಕಳು ಇನ್ನೂ ಆಡುತ್ತಿದ್ದರೂ ಸರಿ.

ಊರಿನ ಮೇಲೆ ನನಗೆ ಸಿಟ್ಟು ಬರುವುದು ಈ ವಿದ್ಯೆಯನ್ನು ಅದು ತಾನೇ ಬಿಡುತ್ತಿರುವುದಕ್ಕೆ. ಮದುವೆಯ ಮುಹೂರ್ತ ಹನ್ನೆರಡೂವರೆಗೆ, ತಗಡಿನ ಶಾಮಿಯಾನದ ಕೆಳಗೆ. ಎರಡು ವರ್ಷದ ಮಗುವಿಗೆ ಪಾಲಿಸ್ಟರ್ ಶೇರ್ವಾನಿ, ಕೈಯಲ್ಲಿ ಬಣ್ಣದ ತಂಪು ಪಾನೀಯದ ಬಾಟಲಿ. ಗೋಧೂಳಿ ಮುಹೂರ್ತ ನಮ್ಮ ಶಾಸ್ತ್ರದಲ್ಲೇ ಇದೆ, ಪುರೋಹಿತರು ಬೇಡ ಎನ್ನುವುದಿಲ್ಲ. ಸಂಜೆ ಅಡುಗೆಯೂ ಕೆಡುವುದಿಲ್ಲ. ಹುಲಗಿ ಜಾತ್ರೆಗೆ ನಡುಬಿಸಿಲಲ್ಲಿ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಾಲಿನಲ್ಲಿ ನಿಲ್ಲುವವರಿಗೂ ಅದೇ ಮಾತು: ಹುಲಿಗೆಮ್ಮ ನಸುಕಿನಲ್ಲೂ ಅಲ್ಲೇ ಇರುತ್ತಾಳೆ. ನವೋದಯ, ಮೊರಾರ್ಜಿ ಪ್ರವೇಶ ಪರೀಕ್ಷೆಯ ಕೋಚಿಂಗ್ ಎಂದು ಒಂಬತ್ತು ವರ್ಷದ ಹುಡುಗರನ್ನು ಮಧ್ಯಾಹ್ನ ಎರಡಕ್ಕೆ ತಗಡಿನ ಛಾವಣಿಯಡಿ ಕೂಡಿಸುವುದನ್ನಂತೂ ನೋಡಲಾಗದು. ಮುಂಬೈಯ ತಪ್ಪನ್ನೇ ನಾವು ದುಡ್ಡು ಕೊಟ್ಟು ತರುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ ಮುಂಬೈಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಹಸುಗೂಸಿನ ವಿಷಯದಲ್ಲಿ ಅಲ್ಲಿನ ತಾಯಂದಿರು ಗಟ್ಟಿ. ಆರು ತಿಂಗಳು ತುಂಬುವವರೆಗೆ ಎಷ್ಟೇ ಬಿಸಿಲಿದ್ದರೂ ನೀರು ಕೊಡುವುದಿಲ್ಲ, ತಾಯಿಹಾಲನ್ನೇ ಹೆಚ್ಚು ಸಲ ಕೊಡುತ್ತಾರೆ. ನಮ್ಮಲ್ಲಿ "ಕೂಸಿನ ಗಂಟಲ ಒಣಗತೈತಿ" ಎಂದು ಚಮಚದಲ್ಲಿ ನೀರು ಹನಿಸುವ ಹಿರಿಯರಿದ್ದಾರೆ. ಅದರಿಂದ ಹೊಟ್ಟೆ ತುಂಬಿ ಹಾಲು ಕಡಿಮೆ ಕುಡಿಯುತ್ತದೆ, ಬೇಧಿ ಅಂಟುತ್ತದೆ, ನೀರು ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಒಣ ಗಾಳಿಗೆ ಮೂಗಿನಿಂದ ರಕ್ತ ಬಂದರೆ ನಾವು ತಲೆ ಹಿಂದಕ್ಕೆ ಬಾಗಿಸಿ ನೆತ್ತಿಗೆ ನೀರು ಹೊಯ್ಯುತ್ತೇವೆ. ರಕ್ತ ಗಂಟಲಿಗಿಳಿದು ಮಗು ವಾಂತಿ ಮಾಡುತ್ತದೆ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯುವುದೇ ಸರಿ. ನಿಂತ ಕಾರಿನಲ್ಲಿ ಮಗುವನ್ನು ಬಿಟ್ಟು "ಎರಡು ನಿಮಿಷ" ಎಂದು ಇಳಿಯುವ ಚಾಳಿಯೂ ಊರಲ್ಲಿ ಬೆಳೆದಿದೆ. ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೇ ಹತ್ತು ಡಿಗ್ರಿ ಏರುತ್ತದೆ.

ನೀರಿನ ಮಾತು ಬಂದರೆ ಊರಿನ ಪರ ವಾದಿಸುವುದು ಕಷ್ಟ. ಮುಂಬೈಗೆ ಕೆರೆಗಳ ನೀರು ದಿನಾ ಬರುತ್ತದೆ. ನಮ್ಮ ಪಟ್ಟಣಗಳಲ್ಲಿ ಬೇಸಿಗೆಗೆ ವಾರಕ್ಕೊಮ್ಮೆ ನಲ್ಲಿ ಬರುವ ಓಣಿಗಳಿವೆ. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ನಾಲೆ ನಿಂತ ಮೇಲೆ ತುಂಬಿಸಿಟ್ಟ ಕೆರೆಯೇ ಗತಿ. ಕೊಪ್ಪಳ, ರಾಯಚೂರಿನ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟು ಗಟ್ಟಿಯಾಗುತ್ತದೆ. ಬರಲಿರುವ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನ ಮಕ್ಕಳಿಗೆ ಕುಡಿಯಲೂ ಅಂಬಲಿಗೂ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಬೇಕು.

ಇನ್ನೊಂದನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ನಾನು ಹೊಗಳಿದ ಆ ಎರಡು ತುಂಡಿನ ದಿನವನ್ನು ಹೊತ್ತು ನಡೆಸುವವರು ಮನೆಯ ಹೆಂಗಸರು. ಹತ್ತೂವರೆಗೆ ಎಲ್ಲರ ಊಟ ಆಗಬೇಕಾದರೆ ನಾಲ್ಕೂವರೆಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಬೇಕು. ರಾತ್ರಿ ಎರಡಕ್ಕೆ ನಲ್ಲಿ ಬಂದರೆ ಎದ್ದು ಡ್ರಮ್ಮು, ಕೊಡ ತುಂಬುವವಳು ಸೊಸೆ. ಮಾಳಿಗೆಗೆ ಕೊಡ ಹೊರುವವಳೂ ಅವಳೇ. ರಜೆಗೆಂದು ಮಕ್ಕಳ ದಂಡು ಬಂದಿಳಿದರೆ ಅವಳ ಮಧ್ಯಾಹ್ನದ ನಿದ್ದೆಗೂ ಕುತ್ತು. ಮುಂಬೈಯ ತಾಯಿಗೆ ಪಾಳಣಾಘರವಾದರೂ ಇದೆ, ಏಳು ಗಂಟೆಯ ತನಕ. ಆದ್ದರಿಂದ ಹೊರನಾಡಿನಿಂದ ಬರುವ ಗಂಡಸರು ನಲ್ಲಿಯ ಸರದಿ ಯಾವ ದಿನ ಎಂದು ಮೊದಲೇ ಕೇಳಿಕೊಂಡು ಬನ್ನಿ. ಆ ರಾತ್ರಿಯ ನೀರು, ಸಂಜೆಯ ಮಾಳಿಗೆಯ ಕೊಡ, ಕೂಲರ್ ತೊಟ್ಟಿ ತಿಕ್ಕುವುದು, ಈ ಮೂರೂ ಇದ್ದಷ್ಟು ದಿನ ನಿಮ್ಮ ಪಾಲಿಗಿರಲಿ.